ಸಂಪಾಜೆ ಘಾಟಿಯಲ್ಲಿ ಮಾತ್ರ ಕಾರು ಬಿಸಿಯಾಗುತ್ತದೆ, ವಾಟರ್ ಪಂಪ್ ಬದಲಿಸಬೇಕಾ?

ಪ್ರಶ್ನೆ: ನನ್ನದು 2014ರ ಸ್ವಿಫ್ಟ್ ಡೀಸೆಲ್. 1 ಲಕ್ಷ 20 ಸಾವಿರ ಕಿ.ಮೀ. ಓಡಿದೆ. ಮನೆ ಸುಂಟಿಕೊಪ್ಪದ ಹತ್ತಿರ. ಕುಶಾಲನಗರ, ಮೈಸೂರು ಕಡೆ ಹೋದರೆ ಏನೂ ತೊಂದರೆ ಇಲ್ಲ. ಮಂಗಳೂರಿನಿಂದ ವಾಪಸ್ ಬರುವಾಗ ಸಂಪಾಜೆ ದಾಟಿ ಘಾಟಿ ಶುರುವಾದರೆ ಸಾಕು, ಟೆಂಪರೇಚರ್ ಮುಳ್ಳು ಮೇಲೇರುತ್ತದೆ. ಒಂದು ವರ್ಷದಿಂದ ತಿಂಗಳಿಗೆ ಅರ್ಧ ಲೀಟರ್ ನೀರು ಹಾಕುತ್ತಿದ್ದೇನೆ. ಒಬ್ಬ ಮೆಕ್ಯಾನಿಕ್ ವಾಟರ್ ಪಂಪ್ ಬದಲಿಸಿ ಅಂತಾರೆ. ಇನ್ನೊಬ್ಬರು ರೇಡಿಯೇಟರ್‌ಗೆ ಲೀಕ್ ನಿಲ್ಲಿಸುವ ಪೌಡರ್ ಹಾಕಿದರೆ ಸಾಕು ಅಂತಾರೆ. ಯಾರ ಮಾತು ಕೇಳಲಿ? ಪಂಪ್ ನಾನೇ ಬದಲಿಸಬಹುದಾ? ಹೊಸದು ಹಾಕಿದರೆ ಎಷ್ಟು ವರ್ಷ ಬರುತ್ತದೆ?

ಉತ್ತರ: ಪೌಡರ್ ವಿಷಯ ಮೊದಲು ಮುಗಿಸಿಬಿಡೋಣ. ಹಾಕಬೇಡಿ. ರೇಡಿಯೇಟರ್‌ನಲ್ಲಿ ಸೂಜಿಮೊನೆಯಷ್ಟು ತೂತು ಇದ್ದರೆ ಅದು ನಾಲ್ಕು ದಿನ ಮುಚ್ಚೀತು. ಆದರೆ ವಾಟರ್ ಪಂಪ್ ಸೋರುವುದು ತಿರುಗುತ್ತಿರುವ ಶಾಫ್ಟಿನ ಸುತ್ತ, ಅಲ್ಲಿ ಯಾವ ಪೌಡರೂ ನಿಲ್ಲುವುದಿಲ್ಲ. ಹೋಗಿ ನಿಲ್ಲುವುದು ರೇಡಿಯೇಟರಿನ ಸಣ್ಣ ಕೊಳವೆಗಳಲ್ಲಿ, ಹೀಟರಿನ ಒಳಗೆ. ಮಡಿಕೇರಿಯ ಮಂಜಿನಲ್ಲಿ ಮುಂದಿನ ಗಾಜು ತಿಳಿಯಾಗಬೇಕಾದರೆ ಹೀಟರ್ ಬೇಕೇ ಬೇಕು ಅಲ್ವಾ, ಅದನ್ನೇ ಕಟ್ಟಿಸಿಕೊಳ್ಳುವ ಕೆಲಸ ಯಾಕೆ?

ಈಗ ಆ ಅರ್ಧ ಲೀಟರ್ ನೀರಿನ ಲೆಕ್ಕ ಮಾಡಿ. ತಿಂಗಳಿಗೆ ಅರ್ಧ, ವರ್ಷಕ್ಕೆ 6 ಲೀಟರ್. ಚಿಕ್ಕ ಕಾರುಗಳಲ್ಲಿ ಒಟ್ಟು ಹಿಡಿಯುವ ಕೂಲೆಂಟೇ, ಅಂದರೆ ಎಂಜಿನ್ ತಣ್ಣಗಿಡುವ ದ್ರವವೇ, 4ರಿಂದ 7 ಲೀಟರ್. ಅಂದರೆ ಮೊದಲು ಇದ್ದ ಕೂಲೆಂಟಿನಲ್ಲಿ ಬಹುಪಾಲು ಹೊರಗೆ ಹೋಗಿರಬೇಕು, ಈಗ ನಿಮ್ಮ ಎಂಜಿನ್ ಓಡುತ್ತಿರುವುದು ಹೆಚ್ಚಾಗಿ ಮೇಲಿಂದ ಸುರಿದ ನೀರಿನ ಮೇಲೆ. ಪಂಪ್ ಹೋಗಿದೆಯೋ ಇಲ್ಲವೋ ಆಮೇಲೆ ನೋಡೋಣ, ಹೋಗುವ ದಾರಿಯಲ್ಲಂತೂ ಇದೆ. ಕಾರಿನ ಕೂಲಿಂಗ್ ಅನ್ನುವುದು ಮುಚ್ಚಿದ ಪಾತ್ರೆ ಇದ್ದಂತೆ. ಸರಿಯಾಗಿದ್ದರೆ ತಿಂಗಳು ತಿಂಗಳು ನೀರು ಕೇಳುವುದಿಲ್ಲ. ಕೇಳಿತು ಅಂದರೆ ಎಲ್ಲೋ ಸೋರುತ್ತಿದೆ, ಹೊರಗೋ ಒಳಗೋ.

ತೋಟ ಇರುವವರಿಗೆ ಈ ಪಂಪ್ ಅರ್ಥ ಮಾಡಿಸುವುದು ಸುಲಭ. ಫೆಬ್ರವರಿ, ಮಾರ್ಚ್‌ನಲ್ಲಿ ಹೂಮಳೆ ಬರದಿದ್ದರೆ ಕೆರೆ ಪಕ್ಕ ಪಂಪ್‌ಸೆಟ್ ಇಟ್ಟು ಕಾಫಿಗೆ ಸ್ಪ್ರಿಂಕ್ಲರ್ ಬಿಡುತ್ತೀರಲ್ಲ, ಅದರ ಮರಿ ಇದು, ಎಂಜಿನ್ನಿಗೂ ರೇಡಿಯೇಟರಿಗೂ ನಡುವೆ ನೀರು ಓಡಾಡಿಸುತ್ತದೆ. ಒಳಗೆ ಅದೇ ಥರದ ಇಂಪೆಲ್ಲರ್ ಗಾಲಿ, ಅದೇ ಥರದ ಶಾಫ್ಟ್, ಅದೇ ಥರದ ಬೇರಿಂಗ್. ಗಾಳಿ ಸೇರಿಕೊಂಡರೆ ತೋಟದ ಪಂಪ್ ಹೇಗೆ ಸುಮ್ನೆ ತಿರುಗುತ್ತಾ ನೀರೆತ್ತದೆ ನಿಲ್ಲುತ್ತದೋ ಇದೂ ಹಾಗೇ. ಒಂದು ವ್ಯತ್ಯಾಸ ಉಂಟು. ತೋಟದ ಹಳೆ ಪಂಪಿಗೆ ಶಾಫ್ಟಿನ ಸುತ್ತ ಗ್ಲ್ಯಾಂಡ್ ಹಗ್ಗ ಸುತ್ತಿರುತ್ತಾರೆ. ಜಾಸ್ತಿ ತೊಟ್ಟಿಕ್ಕಿದರೆ ಸ್ಪ್ಯಾನರ್ ಹಾಕಿ ಅರ್ಧ ಸುತ್ತು ಬಿಗಿ ಮಾಡಿದರೆ ಆಯಿತು. ಕಾರಿನ ಪಂಪಿನಲ್ಲಿ ಹಗ್ಗ ಇಲ್ಲ, ಮೆಕ್ಯಾನಿಕಲ್ ಸೀಲ್ ಇದೆ. ಕನ್ನಡಿಯ ಹಾಗೆ ನಯ ಮಾಡಿದ ಎರಡು ಬಿಲ್ಲೆಗಳು, ಸಾಮಾನ್ಯವಾಗಿ ಒಂದು ಕಾರ್ಬನ್, ಇನ್ನೊಂದು ಸೆರಾಮಿಕ್, ಒಂದಕ್ಕೊಂದು ಒತ್ತಿಕೊಂಡು ಉಜ್ಜುತ್ತಾ ಇರುತ್ತವೆ. ಅವುಗಳ ನಡುವೆ ಕೂಲೆಂಟಿನ ಒಂದು ತೆಳು ಪೊರೆ ನಿಂತಿರುತ್ತದೆ, ಅದೇ ಅವಕ್ಕೆ ಎಣ್ಣೆ. ಆ ಪೊರೆಯಲ್ಲಿ ಕೆಸರು, ತುಕ್ಕು, ಸುಣ್ಣದ ಪುಡಿ ಸೇರಿದರೆ ಬಿಲ್ಲೆಗೆ ಗೀರು ಬೀಳುತ್ತದೆ. ಗೀರು ಬಿದ್ದ ಸೀಲನ್ನು ಬಿಗಿ ಮಾಡಲು ಯಾವ ಸ್ಪ್ಯಾನರೂ ಇಲ್ಲ.

ಸೀಲಿಗೂ ಬೇರಿಂಗಿಗೂ ನಡುವೆ ಪಂಪಿನ ಮೈಯಲ್ಲಿ ಒಂದು ಸಣ್ಣ ತೂತು ಬಿಟ್ಟಿರುತ್ತಾರೆ. ಸೀಲ್ ದಾಟಿ ಬಂದ ನೀರು ಬೇರಿಂಗಿಗೆ ನುಗ್ಗದೆ ಹೊರಗೆ ಬೀಳಲಿ ಅಂತ. ಮೆಕ್ಯಾನಿಕ್‌ಗಳು ಇದನ್ನು ವೀಪ್ ಹೋಲ್ ಅನ್ನುತ್ತಾರೆ. ಇದನ್ನು ಎಂ-ಸೀಲ್ ಹಾಕಿ ಮುಚ್ಚಿದ ಮಹಾನುಭಾವರನ್ನು ನಾನು ನೋಡಿದ್ದೇನೆ! ಸೋರುವುದೇನೋ ನಿಂತಿತು. ಹದಿನೈದು ದಿನದಲ್ಲಿ ನೀರು ಬೇರಿಂಗಿಗೆ ಹೋಗಿ ಗ್ರೀಸ್ ತೊಳೆದು, ಪುಲ್ಲಿ ಅಲುಗಾಡಿ, ಬೆಲ್ಟ್ ಹರಿದು ಕಾರು ನಡುದಾರಿಯಲ್ಲಿ ನಿಂತಿತು.

ಈಗ ನಿಮ್ಮ ಕಾರಿನ ಹತ್ತಿರ ಹೋಗೋಣ. ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗ ಮಾಡಿ. ರಾತ್ರಿ ಕಾರಿನ ಅಡಿ ಒಂದು ಬಿಳಿ ರಟ್ಟು ಹಾಸಿಟ್ಟರೆ ಇನ್ನೂ ಒಳ್ಳೆಯದು, ಹನಿ ಬಿದ್ದ ಜಾಗ ಗೊತ್ತಾಗುತ್ತದೆ. ಸ್ವಿಫ್ಟ್ ಡೀಸೆಲ್ಲಿನ ಆ 1.3 ಲೀಟರ್ ಎಂಜಿನ್ನಿನಲ್ಲಿ ಟೈಮಿಂಗ್‌ಗೆ, ಅಂದರೆ ವಾಲ್ವುಗಳು ಪಿಸ್ಟನ್ ಜೊತೆ ತಾಳ ತಪ್ಪದೆ ಓಡಲು, ಚೈನ್ ಇದೆ, ಪಂಪ್ ತಿರುಗುವುದು ಹೊರಗಿನ ಬೆಲ್ಟಿನಿಂದ. ಅದು ನಿಮ್ಮ ಅದೃಷ್ಟ. ಬೆಲ್ಟ್ ಇರುವ ಕಡೆಯ ಮುಂದಿನ ಚಕ್ರ ಬಿಚ್ಚಿ, ಒಳಗಿನ ಪ್ಲಾಸ್ಟಿಕ್ ಕವರ್ ಸರಿಸಿ ಟಾರ್ಚ್ ಬಿಟ್ಟು ನೋಡಿ. ಜಾಕ್ ಒಂದನ್ನೇ ನಂಬಿ ಕೆಳಗೆ ತಲೆ ಹಾಕಬೇಡಿ, ಸ್ಟ್ಯಾಂಡ್ ಇಡಿ. ಪಂಪಿನ ಕೆಳಗೆ ಬಿಳಿ ಅಥವಾ ಹಸಿರು ಬಣ್ಣದ ಉಪ್ಪು ಕಟ್ಟಿದ ಗೆರೆ, ತುಕ್ಕಿನ ಜಾಡು ಕಾಣುತ್ತದಾ? ಬಿಸಿ ಎಂಜಿನ್ ಮೇಲೆ ಬಿದ್ದ ಹನಿ ಆವಿಯಾಗಿ ಹೋಗುತ್ತದೆ, ಗೆರೆ ಮಾತ್ರ ಉಳಿಯುತ್ತದೆ. ಹಾಗಾಗಿ ಎಷ್ಟೋ ಜನ "ನೆಲದ ಮೇಲೆ ಒಂದು ಹನಿಯೂ ಇಲ್ಲ, ಲೀಕ್ ಇಲ್ಲ" ಅಂತ ವಾದ ಮಾಡುತ್ತಾರೆ.

ಆಮೇಲೆ ಪುಲ್ಲಿಯನ್ನು ಎರಡು ಬೆರಳಲ್ಲಿ ಹಿಡಿದು ಮೇಲೆ ಕೆಳಗೆ ಅಲುಗಾಡಿಸಿ. ಅಲುಗಿದರೆ, ಟಕ್ ಅಂದರೆ ಬೇರಿಂಗ್ ಮುಗಿದಿದೆ. ಬೆಲ್ಟ್ ತೆಗೆದು ಕೈಯಲ್ಲಿ ತಿರುಗಿಸಿದರೆ ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ. ಒಳ್ಳೆಯ ಬೇರಿಂಗ್ ಬೆಣ್ಣೆಯ ಹಾಗೆ ತಿರುಗುತ್ತದೆ, ಕೆಟ್ಟದ್ದು ಮರಳು ಅರೆದ ಹಾಗೆ ಕರಕರ ಅನ್ನುತ್ತದೆ.

ಮೆಕ್ಯಾನಿಕ್ ಹತ್ತಿರ ಪ್ರೆಷರ್ ಟೆಸ್ಟರ್ ಇದ್ದರೆ ಕೆಲಸ ಹಗುರ. ಕೂಲೆಂಟ್ ತುಂಬುವ ಮುಚ್ಚಳದ ಜಾಗದಲ್ಲಿ ಅದನ್ನು ಕೂರಿಸಿ, ಮುಚ್ಚಳದ ಮೇಲೆ ಬರೆದಿರುವಷ್ಟು ಒತ್ತಡ, ಸಾಮಾನ್ಯವಾಗಿ 1 ಬಾರ್ ಆಸುಪಾಸು, ಕೊಟ್ಟು ಒಂದು ಕಾಫಿ ಕುಡಿದು ಬನ್ನಿ. ಮುಳ್ಳು ಇಳಿದಿದ್ದರೆ ಸೋರುತ್ತಿದೆ. ಹೊರಗೆ ಎಲ್ಲೂ ಒದ್ದೆ ಇಲ್ಲದೆ ಇಳಿದರೆ ಹೆಡ್ ಗ್ಯಾಸ್ಕೆಟ್ ಮೇಲೆ, ಅಂದರೆ ಎಂಜಿನ್ನಿನ ಮೇಲ್ಭಾಗವಾದ ಹೆಡ್ಡಿಗೂ ಕೆಳಗಿನ ಬ್ಲಾಕಿಗೂ ನಡುವಿನ ಸೀಲಿನ ಮೇಲೆ, ಅನುಮಾನ ಪಡಬೇಕು. ಕೂಲೆಂಟ್ ಡಬ್ಬಿಯಲ್ಲಿ ಗುಳುಗುಳು ಗುಳ್ಳೆ ಬರುತ್ತಿದ್ದರೆ, ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಬಿಳಿ ಹೊಗೆ ಬಂದು ನಿಲ್ಲದಿದ್ದರೆ, ಆಯಿಲ್ ಹಾಲಿನ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ಅದೇ ಕಡೆ ಬೆರಳು ತೋರಿಸುತ್ತದೆ. ಆಗ ಪಂಪ್ ಬದಲಿಸಿ ಪ್ರಯೋಜನ ಇಲ್ಲ.

ಪಂಪಿನ ಮೇಲೆ ತಪ್ಪು ಹೊರಿಸುವ ಮೊದಲು ಇನ್ನೂ ಮೂರು ಆರೋಪಿಗಳನ್ನು ವಿಚಾರಿಸಿ. ಒಂದು, ರೇಡಿಯೇಟರ್ ಫ್ಯಾನ್. ಎಸಿ ಹಾಕಿದರೆ ಅದು ತಿರುಗಬೇಕು. ನಮ್ಮ ಕಡೆ ಶೆಡ್ಡಿನಲ್ಲಿ ನಿಲ್ಲಿಸಿದ ಕಾರಿಗೆ ಇಲಿ, ಹೆಗ್ಗಣ ನುಗ್ಗಿ ಫ್ಯಾನಿನ ವೈರ್ ಕಡಿಯುವುದು ಮಾಮೂಲು. ವೈರ್ ಕಡಿದರೆ ಬಯಲಲ್ಲಿ ಗೊತ್ತೇ ಆಗುವುದಿಲ್ಲ, ಓಡುವ ಗಾಳಿಯೇ ಸಾಕಾಗುತ್ತದೆ. ಘಾಟಿಯಲ್ಲಿ ಲಾರಿ ಹಿಂದೆ ಸಿಕ್ಕಿಹಾಕಿಕೊಂಡಾಗ ಗೊತ್ತಾಗುತ್ತದೆ. ಎರಡು, ರೇಡಿಯೇಟರಿನ ಮುಖ. ಮುಂದೆ ಎಸಿ ಕಂಡೆನ್ಸರ್, ಹಿಂದೆ ರೇಡಿಯೇಟರ್, ಇವೆರಡರ ನಡುವಿನ ಸಂದಿಯಲ್ಲಿ ಕೆಸರು, ಮಳೆಹುಳದ ರೆಕ್ಕೆ, ಸಿಲ್ವರ್ ಓಕ್ ಎಲೆ ಎಲ್ಲ ಸೇರಿ ಕಂಬಳಿ ಹೊದಿಸಿದ ಹಾಗೆ ಕೂತಿರುತ್ತದೆ. ಮುಂದಿನಿಂದ ನೋಡಿದರೆ ಫಳಫಳ. ಪಕ್ಕದಿಂದ ಟಾರ್ಚ್ ಬಿಟ್ಟರೆ ಬಣ್ಣ ಬಯಲು. ಮೂರು, ಥರ್ಮೋಸ್ಟ್ಯಾಟ್. ಸಾಮಾನ್ಯವಾಗಿ 80ರಿಂದ 90 ಡಿಗ್ರಿ ಸುತ್ತಮುತ್ತ ತೆರೆದುಕೊಳ್ಳಬೇಕಾದ ಬಾಗಿಲು ಅದು. ಅರ್ಧ ತೆರೆದು ನಿಂತರೂ ಇದೇ ಲಕ್ಷಣ. ಮುಚ್ಚಳದ ರಬ್ಬರನ್ನೂ ಒಮ್ಮೆ ಮುಟ್ಟಿ ನೋಡಿ, ಗಟ್ಟಿಯಾಗಿ ಬಿರುಕು ಬಿಟ್ಟಿದ್ದರೆ ಹೊಸದು ಹಾಕಿ. ಇಡೀ ವ್ಯವಸ್ಥೆಯಲ್ಲಿ ಅತಿ ಅಗ್ಗದ ವಸ್ತು, ಯಾರೂ ನೋಡುವುದಿಲ್ಲ.

ಹಾಗಾದರೆ ಘಾಟಿಯಲ್ಲೇ ಯಾಕೆ? ಸಂಪಾಜೆಯಿಂದ ಮಡಿಕೇರಿಗೆ 25-30 ಕಿ.ಮೀ. ದಾರಿಯಲ್ಲಿ ಕಾರು ಹೆಚ್ಚುಕಡಿಮೆ 1000 ಮೀಟರ್ ಮೇಲಕ್ಕೆ ಹೋಗಬೇಕು. ಎಂಜಿನ್ ಪೂರ್ತಿ ಕಸುವು ಹಾಕುತ್ತಿರುತ್ತದೆ, ಶಾಖ ಜಾಸ್ತಿ. ವೇಗ ಕಡಿಮೆ, ಆದ್ದರಿಂದ ಗಾಳಿ ಕಡಿಮೆ. ಇದು ಎಲ್ಲರಿಗೂ ಗೊತ್ತಿರುವುದೇ. ಗೊತ್ತಿಲ್ಲದ್ದು ಏನಂದರೆ, ಪಂಪ್ ತಿರುಗುವುದು ಕಾರಿನ ವೇಗದ ಮೇಲಲ್ಲ, ಎಂಜಿನ್ನಿನ ಸುತ್ತಿನ ಮೇಲೆ. ಡೀಸೆಲ್ ಕಾರಿಗೆ ಎಳೆತ ಚೆನ್ನಾಗಿರುತ್ತದೆ ಅಂತ ಎಷ್ಟೋ ಜನ ಮೂರನೇ, ನಾಲ್ಕನೇ ಗೇರಿನಲ್ಲೇ 1400-1500 ಸುತ್ತಿನಲ್ಲಿ ಗುಂಯ್ ಅನ್ನಿಸುತ್ತಾ ಹತ್ತಿಸುತ್ತಾರೆ. ಶಾಖ ಹೆಚ್ಚಿಗೆ ಹುಟ್ಟುವ ಹೊತ್ತಿಗೇ ಪಂಪ್ ನಿಧಾನವಾಗಿ ತಿರುಗುತ್ತಿರುತ್ತದೆ. ಒಂದು ಗೇರ್ ಇಳಿಸಿ 2200-2500ಕ್ಕೆ ತನ್ನಿ, ಪಂಪ್ ಒಂದೂವರೆ ಪಟ್ಟು ವೇಗವಾಗಿ ತಿರುಗುತ್ತದೆ. ಮುಂದಿನ ಸಲ ಇದನ್ನು ಮಾಡಿ ನೋಡಿ. ಮುಳ್ಳು ಕೆಳಗೆ ಬಂದರೆ ನೀರಿನ ಹರಿವು ಸಾಲುತ್ತಿಲ್ಲ ಅನ್ನುವುದಕ್ಕೆ ಅದೂ ಒಂದು ಸುಳಿವು.

ಎತ್ತರವೂ ಒಂದು ಆಟ ಆಡುತ್ತದೆ. ಮಡಿಕೇರಿ ಸುಮಾರು 1150 ಮೀಟರ್ ಎತ್ತರದಲ್ಲಿದೆ, ಅಲ್ಲಿ ತೆರೆದ ಪಾತ್ರೆಯ ನೀರು 96 ಡಿಗ್ರಿಗೇ ಕುದಿಯುತ್ತದೆ. ಎಂಜಿನ್ ಮಾಮೂಲಿಯಾಗಿ ಓಡುವುದೇ 90ರ ಸುತ್ತಮುತ್ತ. ಮುಚ್ಚಳ ಗಟ್ಟಿಯಾಗಿದ್ದು 1 ಬಾರ್ ಒತ್ತಡ ನಿಂತರೆ ಬರೀ ನೀರು ಕೂಡ 118-120ರ ತನಕ ತಡೆಯುತ್ತದೆ. ಅರ್ಧ ನೀರು ಅರ್ಧ ಕೂಲೆಂಟ್ ಇದ್ದರೆ ಇನ್ನೂ ಮೇಲೆ. ಆದರೆ ಪಂಪ್ ಸೋರುತ್ತಿದ್ದರೆ ಒತ್ತಡ ನಿಲ್ಲುವುದಿಲ್ಲ, ನಿಮ್ಮ ಹತ್ತಿರ ಇರುವುದೋ ಬಹುಪಾಲು ನೀರು. ಕುದಿಯಲು ಉಳಿದಿರುವ ಅಂತರ ಎಷ್ಟು ಅಂತ ನೀವೇ ನೋಡಿ. ಕುಶಾಲನಗರದ ಸಪಾಟು ರಸ್ತೆಯಲ್ಲಿ ಇದು ಯಾವುದೂ ಹೊರಗೆ ಬರುವುದಿಲ್ಲ.

ಬರೀ ನೀರು ಪಂಪಿಗೆ ಏನು ಮಾಡುತ್ತದೆ ಅನ್ನುವುದನ್ನು ನಾನು ಪುಸ್ತಕದಲ್ಲಿ ಓದಿ ಕಲಿತಿದ್ದಲ್ಲ. ತುಂಬಾ ಹಿಂದೆ ನನ್ನ ಹತ್ತಿರ ಒಂದು ಹಳೆ ಡೀಸೆಲ್ ಜೀಪ್ ಇತ್ತು. ಭಾಗಮಂಡಲ ಕಡೆ ಓಡಾಟ. "ಕೂಲೆಂಟ್ ಯಾಕೆ, ಇದೇನು ಕಾಶ್ಮೀರವಾ, ಹೆಪ್ಪುಗಟ್ಟಲು?" ಅಂತ ಜಾಣತನ ಮಾಡಿ ದಾರಿಬದಿಯ ತೋಡಿನ ನೀರನ್ನೇ ಹಾಕುತ್ತಿದ್ದೆ. ನೋಡಲು ಕನ್ನಡಿಯಂಥ ನೀರು, ಕುಡಿದರೆ ಸಿಹಿ. ಮೂರನೇ ವರ್ಷ ಘಾಟಿಯಲ್ಲಿ ಬಿಸಿಯಾಗತೊಡಗಿತು. ಎಲ್ಲೂ ಒಂದು ಹನಿ ಸೋರುತ್ತಿರಲಿಲ್ಲ, ಪುಲ್ಲಿ ಗಟ್ಟಿಯಾಗಿತ್ತು, ಸದ್ದೂ ಇಲ್ಲ. ಪಂಪ್ ಚೆನ್ನಾಗಿದೆ ಅಂದುಕೊಂಡು ರೇಡಿಯೇಟರ್ ಬಿಚ್ಚಿಸಿದೆ, ಥರ್ಮೋಸ್ಟ್ಯಾಟ್ ಬದಲಿಸಿದೆ. ಏನೂ ಆಗಲಿಲ್ಲ. ಕೊನೆಗೆ ಪಂಪ್ ಬಿಚ್ಚಿ ಕೈಗೆ ತಗೊಂಡಾಗ ಗೊತ್ತಾಯಿತು. ಬೆರಳಿನ ಅಗಲ ಇರಬೇಕಾದ ಇಂಪೆಲ್ಲರಿನ ಎಸಳುಗಳು ಇಲಿ ತಿಂದ ರೊಟ್ಟಿಯ ಅಂಚಿನ ಹಾಗೆ ಚೂರುಚೂರಾಗಿ ಸವೆದು ಅರ್ಧಕ್ಕೆ ಬಂದಿದ್ದವು. ಉಗುರಿನಿಂದ ಕೆರೆದರೆ ತುಕ್ಕು ಪದರ ಪದರವಾಗಿ ಏಳುತ್ತಿತ್ತು. ಪಂಪ್ ತಿರುಗುತ್ತಿತ್ತು, ನೀರು ತಳ್ಳುತ್ತಿರಲಿಲ್ಲ, ಅಷ್ಟೇ.

ಅದಕ್ಕೇ ಹೇಳುತ್ತೇನೆ, ಸೋರದ ಪಂಪ್ ಒಳ್ಳೆಯ ಪಂಪ್ ಅಂತ ತಿಳಿಯಬೇಡಿ. ಕೆಲವು ಪಂಪುಗಳಲ್ಲಿ ಇಂಪೆಲ್ಲರ್ ಪ್ಲಾಸ್ಟಿಕ್ಕಿನದು. ಅದು ಶಾಫ್ಟಿನ ಮೇಲೆ ಸಡಿಲಾಗಿ ಜಾರುವುದೂ ಉಂಟು. ಇಂಥದ್ದನ್ನು ಬಿಚ್ಚದೆ ಪತ್ತೆ ಮಾಡಲು ಹೀಟರ್ ಒಂದು ಉಪಾಯ. ಮುಳ್ಳು ಮೇಲೆ ಹೋಗಿದ್ದಾಗ ಹೀಟರ್ ಹಾಕಿ. ಬೆಂಕಿಯಂಥ ಗಾಳಿ ಬಂದರೆ ನೀರು ಓಡಾಡುತ್ತಿದೆ. ಎಂಜಿನ್ ಬಿಸಿ, ಹೀಟರ್ ತಣ್ಣಗೆ ಅಂದರೆ ಪಂಪ್ ತಳ್ಳುತ್ತಿಲ್ಲ ಅಥವಾ ಒಳಗೆ ನೀರೇ ಸಾಲದು.

ನಿಮ್ಮ ವಿಷಯಕ್ಕೆ ನನ್ನ ತೀರ್ಮಾನ: ವೀಪ್ ಹೋಲಿನ ಕೆಳಗೆ ಗೆರೆ ಕಂಡರೆ, ಅಥವಾ ಪುಲ್ಲಿ ಅಲುಗಿದರೆ, ಎರಡನೇ ಯೋಚನೆ ಬೇಡ, ಬದಲಿಸಿ. 1 ಲಕ್ಷ 20 ಸಾವಿರ ಓಡಿದ ಪಂಪ್, ಅದರಲ್ಲೂ ಒಂದು ವರ್ಷ ನೀರು ಕುಡಿದದ್ದು, ಅದರ ಋಣ ತೀರಿದೆ. ಜೊತೆಗೆ ಥರ್ಮೋಸ್ಟ್ಯಾಟ್, ಹೊರಗಿನ ಬೆಲ್ಟ್, ಮೆತ್ತಗಾದ ಹೋಸ್ ಇದ್ದರೆ ಅದು, ಮುಚ್ಚಳ, ಎಲ್ಲವನ್ನೂ ಒಟ್ಟಿಗೆ ಮಾಡಿಸಿ. ಕೂಲಿ ಹೇಗೂ ಒಂದೇ ಸಲ. ಪಂಪಿಗೆ ಆಗುವ ಖರ್ಚು ನೋಡಿ ಹಿಂದೆಮುಂದೆ ನೋಡುವವರಿಗೆ ಹೆಡ್ ಸೊಟ್ಟಗಾದರೆ ಎಷ್ಟು ಬಿಲ್ ಬರುತ್ತದೆ ಅಂತ ಗ್ಯಾರೇಜಿನಲ್ಲಿ ಒಮ್ಮೆ ಕೇಳಿ ಅನ್ನುತ್ತೇನೆ.

ನೀವೇ ಬದಲಿಸಬಹುದಾ ಅಂದರೆ, ಸ್ಪ್ಯಾನರ್ ಹಿಡಿದು ಅಭ್ಯಾಸ ಇದ್ದರೆ ನಿಮ್ಮ ಕಾರಿನಲ್ಲಿ ಬಹುದು. ಆದರೆ ಜಾಗ ಇಕ್ಕಟ್ಟು, ತಾಳ್ಮೆ ಬೇಕು. ಡಸ್ಟರ್ ಡೀಸೆಲ್, ಪೋಲೊ ಡೀಸೆಲ್ ಇರುವವರು ಮಾತ್ರ ಈ ಸಾಹಸಕ್ಕೆ ಕೈ ಹಾಕಬೇಡಿ. ಅವುಗಳಲ್ಲಿ ಪಂಪನ್ನು ತಿರುಗಿಸುವುದು ಟೈಮಿಂಗ್ ಬೆಲ್ಟೇ. ಬೆಲ್ಟ್ ಒಂದು ಹಲ್ಲು ಆಚೀಚೆ ಆದರೆ ವಾಲ್ವು, ಪಿಸ್ಟನ್ ಒಂದಕ್ಕೊಂದು ಗುದ್ದಿಕೊಳ್ಳಬಹುದು. ಅದೇ ಕಾರಣಕ್ಕೆ ಅಂಥ ಕಾರುಗಳಲ್ಲಿ ಟೈಮಿಂಗ್ ಬೆಲ್ಟ್ ಬದಲಿಸುವಾಗ ಪಂಪ್ ಚೆನ್ನಾಗಿದ್ದರೂ ಹೊಸದು ಹಾಕಿಬಿಡಬೇಕು. "ಇರಲಿ ಸಾರ್, ಇನ್ನೂ ಓಡುತ್ತೆ" ಅಂತ ಹಳೆಯದನ್ನೇ ಬಿಟ್ಟರೆ, ಅದು ಮುಂದೆ ಜಾಮ್ ಆದ ದಿನ ಹೊಸ ಬೆಲ್ಟನ್ನೂ ಕರೆದುಕೊಂಡು ಹೋಗುತ್ತದೆ.

ಗ್ಯಾರೇಜಿನಲ್ಲಿ ಮಾಡಿಸಿದರೂ ಹತ್ತಿರ ನಿಂತು ನಾಲ್ಕು ವಿಷಯ ನೋಡಿ. ಹಳೆ ಗ್ಯಾಸ್ಕೆಟ್ ಕೆರೆಯುವಾಗ ಗ್ರೈಂಡರ್ ತಂದರೆ ಬೇಡ ಅನ್ನಿ. ಅಲ್ಯೂಮಿನಿಯಂ ಮೆತ್ತಗಿನ ಲೋಹ, ಹಳ್ಳ ಬಿದ್ದರೆ ಹೊಸ ಗ್ಯಾಸ್ಕೆಟ್ಟೂ ಸೋರುತ್ತದೆ. ಪ್ಲಾಸ್ಟಿಕ್ ಚಕ್ಕೆ, ಬ್ಲೇಡು, ತಾಳ್ಮೆ, ಅಷ್ಟು ಸಾಕು. ಗ್ಯಾಸ್ಕೆಟ್ ಅಥವಾ ರಬ್ಬರ್ ರಿಂಗ್ ಕೊಟ್ಟಿರುವ ಪಂಪಿಗೆ ಅದರ ಮೇಲೆ ಮತ್ತೆ ಸಿಲಿಕೋನ್ ಪೇಸ್ಟ್ ಬಳಿಯುವುದು ನಮ್ಮವರ ಚಾಳಿ. ಹೊರಗೆ ಎಷ್ಟು ಉಕ್ಕಿ ಕಾಣುತ್ತದೋ ಅಷ್ಟೇ ಒಳಗೂ ಉಕ್ಕಿರುತ್ತದೆ. ಒಳಗಿನ ತುಂಡು ಒಂದು ದಿನ ಕಳಚಿ ರೇಡಿಯೇಟರ್ ಕೊಳವೆಗೆ ಹೋಗಿ ಕೂರುತ್ತದೆ. ಬೋಲ್ಟುಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿ ಮಾಡಬೇಕು. ಪಂಪಿನ ಸಣ್ಣ 6 ಎಂಎಂ ಬೋಲ್ಟುಗಳಿಗೆ ಸಾಮಾನ್ಯವಾಗಿ 10 ನ್ಯೂಟನ್ ಮೀಟರ್ ಸುತ್ತಮುತ್ತ ಸಾಕು, ಅಂದರೆ ಮಣಿಕಟ್ಟಿನ ಬಲ, ತೋಳಿನದ್ದಲ್ಲ. ನಿಮ್ಮ ಕಾರಿನ ಸರಿಯಾದ ಲೆಕ್ಕ ಸರ್ವಿಸ್ ಮ್ಯಾನುಯಲ್ಲಿನಲ್ಲಿರುತ್ತದೆ. ಬೆಲ್ಟನ್ನೂ ವೀಣೆ ತಂತಿಯ ಹಾಗೆ ಎಳೆದು ಕಟ್ಟಬಾರದು, ಜಾಸ್ತಿ ಬಿಗಿಯಾದ ಬೆಲ್ಟ್ ಬೇರಿಂಗನ್ನು ತಿನ್ನುತ್ತದೆ.

ಇನ್ನೊಂದು ಕೆಟ್ಟ ಅಭ್ಯಾಸ: ಪಂಪ್ ಕೂರಿಸಿದ ತಕ್ಷಣ, ನೀರು ತುಂಬುವ ಮೊದಲೇ, "ಸೌಂಡ್ ನೋಡೋಣ" ಅಂತ ಸ್ಟಾರ್ಟ್ ಮಾಡುವುದು. ಸೀಲಿನ ಬಿಲ್ಲೆಗಳ ನಡುವೆ ಆ ತೆಳು ಪೊರೆ ಇರಬೇಕು ಅಂದೆನಲ್ಲ, ಅದಿಲ್ಲದೆ ಒಣಗಿದ್ದಂತೆ ಉಜ್ಜಿದರೆ ಹೊಸ ಸೀಲ್ ಅಲ್ಲೇ ಸುಟ್ಟುಹೋಗುತ್ತದೆ. ಆಮೇಲೆ ತಿಂಗಳೊಪ್ಪತ್ತಿನಲ್ಲಿ ಸೋರಿದಾಗ ಕಂಪನಿ ಪಾರ್ಟು ಡುಪ್ಲಿಕೇಟು ಅಂತ ಬೈಯುತ್ತೇವೆ. ಹೊಸ ಸೀಲ್ ಪಳಗುವ ತನಕ, ಮೊದಲ ಕೆಲವು ದಿನ ವೀಪ್ ಹೋಲಿನಲ್ಲಿ ಒಂದೆರಡು ಹನಿ ಕಂಡರೆ ಗಾಬರಿ ಬೇಡ. ನಿಲ್ಲದೆ ಮುಂದುವರಿದರೆ ವಾಪಸ್ ತಗೊಂಡು ಹೋಗಿ.

ತುಂಬಿಸುವುದೇ ಅರ್ಧ ಕೆಲಸ. ಹಳೆಯದನ್ನು ಬಕೆಟ್ಟಿಗೆ ಇಳಿಸಿ ಅಳೆದಿಡಿ. 5 ಲೀಟರ್ ಹೊರಗೆ ಬಂದಿದ್ದು ಮೂರೂವರೆ ಮಾತ್ರ ಒಳಗೆ ಹೋದರೆ ಉಳಿದ ಜಾಗದಲ್ಲಿ ಗಾಳಿ ಕೂತಿದೆ ಅಂತಲೇ ಅರ್ಥ. ಮೂತಿ ಮೇಲೆ ಬರುವಂತೆ ಇಳಿಜಾರಿನಲ್ಲಿ ನಿಲ್ಲಿಸಿ, ಕೊಡಗಿನಲ್ಲಿ ಇಳಿಜಾರಿಲ್ಲದ ಅಂಗಳ ಹುಡುಕುವುದೇ ಕಷ್ಟ. ಹ್ಯಾಂಡ್‌ಬ್ರೇಕ್ ಹಾಕಿ, ಚಕ್ರಕ್ಕೆ ಕಲ್ಲು ಕೊಡಿ. ಹೀಟರನ್ನು ಪೂರ್ತಿ ಬಿಸಿಗೆ ತಿರುಗಿಸಿ ನಿಧಾನವಾಗಿ ಸುರಿಯಿರಿ. ಗಾಳಿ ಬಿಡುವ ಸ್ಕ್ರೂ ಇದ್ದರೆ ಗುಳ್ಳೆ ನಿಲ್ಲುವ ತನಕ ತೆರೆದಿಡಿ. ಎಂಜಿನ್ ಸ್ಟಾರ್ಟ್ ಮಾಡಿ ಫ್ಯಾನ್ ಎರಡು ಸಲ ಬಂದು ನಿಲ್ಲುವ ತನಕ ಓಡಿಸಿ, ಮೇಲಿನ ಹೋಸನ್ನು ಬಟ್ಟೆ ಹಿಡಿದು ಆಗಾಗ ಹಿಚುಕಿ. ಮರುದಿನ ಬೆಳಿಗ್ಗೆ ತಣ್ಣಗಿರುವಾಗ ಮಟ್ಟ ನೋಡಿ ಮತ್ತೆ ತುಂಬಿಸಿ. ಇದನ್ನು ಮರೆತರೆ ಹೊಸ ಪಂಪ್ ಹಾಕಿದ ವಾರಕ್ಕೇ ಮತ್ತೆ ಬಿಸಿಯಾಗಿ, ಪಂಪೇ ಸರಿ ಇಲ್ಲ ಅನ್ನುವ ಜಗಳ ಶುರುವಾಗುತ್ತದೆ.

ಬಿಚ್ಚಿದ ಹಳೆ ಪಂಪನ್ನು ಕೇಳಿ ತಗೊಳ್ಳಿ. ಇಂಪೆಲ್ಲರ್ ಕಂದು ತುಕ್ಕು ಹಿಡಿದಿದ್ದರೆ ನೀರಿನ ಕೆಲಸ. ಬಿಳಿ ಚಿಪ್ಪು ಕಟ್ಟಿದ್ದರೆ ಬೋರ್‌ವೆಲ್ಲಿನ ಗಡಸು ನೀರು. ಶಾಫ್ಟ್ ಅಲುಗಿ ಇಂಪೆಲ್ಲರ್ ಪಂಪಿನ ಮನೆಗೆ ಉಜ್ಜಿದ ಗೀರು ಇದ್ದರೆ ಬೇರಿಂಗ್ ಯಾವತ್ತೋ ಹೋಗಿತ್ತು.

ಕೂಲೆಂಟಿನ ಬಗ್ಗೆ. ಅಂಗಡಿಯಲ್ಲಿ ಎರಡು ಥರ ಸಿಗುತ್ತದೆ. ಒಂದು ಹಾಗೇ ಸುರಿಯುವುದು, ಅದಕ್ಕೆ ನೀರು ಬೆರೆಸಬಾರದು. ಇನ್ನೊಂದು ಗಟ್ಟಿಯದು, ಅದಕ್ಕೆ ಸಾಮಾನ್ಯವಾಗಿ ಅರ್ಧಕ್ಕರ್ಧ ಡಿಸ್ಟಿಲ್ಡ್ ನೀರು. ಬ್ಯಾಟರಿಗೆ ಹಾಕುವ ನೀರು ಅಂತ ಸಿಗುತ್ತದಲ್ಲ ಅದು. ಬ್ಯಾಟರಿ ಆಸಿಡ್ ಅಲ್ಲ, ಕೇಳಿ ತಗೊಳ್ಳಿ! ಬಾವಿನೀರು, ತೋಡಿನ ನೀರು, ಮಾಡಿನಿಂದ ಹಿಡಿದ ಮಳೆನೀರು, ಇವೆಲ್ಲ ಆಪತ್ತಿಗೆ ಸರಿ, ಊರು ಮುಟ್ಟಿದ ಮೇಲೆ ಇಳಿಸಿ ಸರಿಯಾದದ್ದು ತುಂಬಿಸಿ. ಹಸಿರು, ಕೆಂಪು, ನೀಲಿ ಬಣ್ಣ ನೋಡಿ ಮೋಸ ಹೋಗಬೇಡಿ, ಬಣ್ಣ ಪ್ರತಿ ಕಂಪನಿಯ ಇಷ್ಟ. ಮ್ಯಾನುಯಲ್ ಏನು ಹೇಳುತ್ತದೋ ಆ ಬಗೆಯದನ್ನೇ ಹಾಕಿ, ಎರಡು ಬಗೆ ಬೆರೆಸಬೇಡಿ. ಅದರೊಳಗಿನ ತುಕ್ಕು ತಡೆಯುವ ರಾಸಾಯನಿಕ ಕಾಲ ಕಳೆದಂತೆ ಖಾಲಿಯಾಗುತ್ತದೆ. ನೋಡಲು ಬಣ್ಣ ಚೆನ್ನಾಗಿದ್ದರೂ ಮ್ಯಾನುಯಲ್ಲಿನ ಅವಧಿಗೆ ಬದಲಿಸಬೇಕು. ನಿಮ್ಮಲ್ಲಿ ಒಂದು ವರ್ಷ ನೀರು ಓಡಿರುವುದರಿಂದ ಹೊಸ ಕೂಲೆಂಟ್ ಹಾಕುವ ಮೊದಲು ಡಿಸ್ಟಿಲ್ಡ್ ನೀರಲ್ಲಿ ಎರಡು ಸಲ ತೊಳೆಸಿ, ಬರುವ ನೀರು ತಿಳಿಯಾಗುವ ತನಕ.

ಆಯುಧಪೂಜೆ ಬಂತು ಅಂದರೆ ವಾಟರ್ ಸರ್ವಿಸ್ ಅಂಗಡಿಯಲ್ಲಿ ಕ್ಯೂ. ಬಾನೆಟ್ ಎತ್ತಿ ಜೋರು ನೀರು ಬಿಡುವವರಿಗೆ ಬೆಲ್ಟಿನ ಕಡೆ ಬಿಡಬೇಡಿ ಅಂತ ಹೇಳಿ. ಆ ರಭಸಕ್ಕೆ ನೀರು ಬೇರಿಂಗಿನ ಒಳಗೂ ನುಗ್ಗಬಹುದು. ಮಳೆಗಾಲದಲ್ಲಿ ವಾರಗಟ್ಟಲೆ ಶೆಡ್ಡಿನಲ್ಲೇ ಬಿಟ್ಟ ಕಾರನ್ನು ವಾರಕ್ಕೊಮ್ಮೆಯಾದರೂ ಒಂದು ಸುತ್ತು ಓಡಿಸಿ.

ಪಂಪ್ ಬದಲಿಸುವ ಮೊದಲೇ ಘಾಟಿಯಲ್ಲಿ ಮುಳ್ಳು ಏರಿದರೆ? ಎಸಿ ಆಫ್ ಮಾಡಿ, ಹೀಟರ್ ಪೂರ್ತಿ ಹಾಕಿ ಕಿಟಕಿ ಇಳಿಸಿ, ಒಂದು ಗೇರ್ ಕೆಳಗೆ ಬನ್ನಿ. ಬೆವರು ಬರುತ್ತದೆ, ಎಂಜಿನ್ ಉಳಿಯುತ್ತದೆ. ಮುಳ್ಳು ಕೆಂಪು ಮುಟ್ಟಿದರೆ ಅಥವಾ ಹಬೆ ಕಂಡರೆ ತಿರುವು ಬಿಟ್ಟು ಅಗಲ ಜಾಗದಲ್ಲಿ ನಿಲ್ಲಿಸಿ ಎಂಜಿನ್ ಆಫ್ ಮಾಡಿ. ಮುಚ್ಚಳ ತೆಗೆಯಬೇಡಿ. ಒತ್ತಡದಲ್ಲಿರುವ ನೀರು ಮುಖಕ್ಕೆ ಎರಚುತ್ತದೆ. ಕನಿಷ್ಠ ಮುಕ್ಕಾಲು ಗಂಟೆ ಕಾಯಿರಿ, ಆಮೇಲೂ ದಪ್ಪ ಬಟ್ಟೆ ಹಾಕಿ ಸ್ವಲ್ಪ ಸ್ವಲ್ಪವೇ ತಿರುಗಿಸಿ. ಕಾದ ಎಂಜಿನ್ನಿಗೆ ತಣ್ಣೀರು ಸುರಿದರೆ ಹೆಡ್ ಬಿರುಕು ಬಿಡಬಹುದು. ಇನ್ನೊಂದು ಮೋಸ ಇದೆ: ನೀರು ಪೂರ್ತಿ ಖಾಲಿಯಾದರೆ ಸೆನ್ಸರ್ ಬರೀ ಗಾಳಿಯಲ್ಲಿ ನಿಂತು ಮುಳ್ಳು ಕೆಳಗೆ ಇಳಿದಂತೆ ತೋರಿಸಬಹುದು. ಮೇಲೆ ಹೋಗಿದ್ದ ಮುಳ್ಳು ತಾನಾಗಿ ಧಡಕ್ಕನೆ ಇಳಿದರೆ ಖುಷಿಪಡದೆ ನಿಲ್ಲಿಸಿ ನೋಡಿ.

ಎಷ್ಟು ವರ್ಷ ಬರುತ್ತದೆ ಅಂತ ಕೇಳಿದ್ದಿರಿ. ಒಳ್ಳೆಯ ಪಂಪು, ಸರಿಯಾದ ಕೂಲೆಂಟು ಇದ್ದರೆ ಮತ್ತೆ 1 ಲಕ್ಷ ಕಿ.ಮೀ. ನಿರೀಕ್ಷೆ ಇಟ್ಟುಕೊಳ್ಳುವುದರಲ್ಲಿ ತಪ್ಪಿಲ್ಲ. ಬಾವಿನೀರು ಹಾಕಿದರೆ ನನ್ನ ಜೀಪಿನ ಲೆಕ್ಕ, ಮೂರು ವರ್ಷ.

ಕೊನೆಗೆ ಆ ಬಕೆಟ್ಟಿನಲ್ಲಿ ಇಳಿಸಿಟ್ಟ ಹಳೆ ಕೂಲೆಂಟ್. ಅಂಗಳದಲ್ಲಿ ಹಾಗೇ ಬಿಡಬೇಡಿ, ತೋಡಿಗೂ ಚೆಲ್ಲಬೇಡಿ. ಅದರಲ್ಲಿರುವ ಗ್ಲೈಕಾಲ್ ರುಚಿಗೆ ಸಿಹಿ, ನಾಯಿ ಆಸೆಪಟ್ಟು ನೆಕ್ಕುತ್ತದೆ, ಸ್ವಲ್ಪವೇ ಹೊಟ್ಟೆಗೆ ಹೋದರೂ ಕಿಡ್ನಿ ಹೋಗಿ ಸಾಯಬಹುದು. ನೆಕ್ಕಿದ್ದು ಕಂಡರೆ ಸಂಜೆ ನೋಡೋಣ ಅನ್ನದೆ ಆಗಲೇ ಪಶುವೈದ್ಯರ ಹತ್ತಿರ ಕರೆದುಕೊಂಡು ಹೋಗಿ. ಬಕೆಟ್ಟಿನದನ್ನು ಮುಚ್ಚಳ ಇರುವ ಕ್ಯಾನಿಗೆ ತುಂಬಿಸಿ, ಮೇಲೆ ಹೆಸರು ಬರೆದು, ಹಳೆ ಆಯಿಲ್ ತಗೊಳ್ಳುವ ಗ್ಯಾರೇಜಿನವರಿಗೆ ಬೇರೆಯಾಗಿಯೇ ಕೊಡಿ.